ಯೂರೋಪನ್ನು ಓದುವ ಪದವಿ: ಅದು ಕೇಳುವುದೇನು, ಕೊಡುವುದೇನು?

ಹೊರದೇಶಕ್ಕೆ ಹೋಗಿ ಓದುವ ಮಾತು ಬಂದಾಗ ನಮ್ಮ ಮನೆಗಳಲ್ಲಿ ಎಂಜಿನಿಯರಿಂಗು, ವೈದ್ಯ, ವ್ಯಾಪಾರಾಡಳಿತ ಇವುಗಳ ಹೆಸರೇ ಮೊದಲು ಕೇಳಿಬರುವುದು ವಾಡಿಕೆ. ಮಗನೋ ಮಗಳೋ ರಾಜ್ಯಶಾಸ್ತ್ರವನ್ನು ಓದಲು, ಅದರಲ್ಲಿಯೂ ಯೂರೋಪಿನ ರಾಜಕೀಯವನ್ನೇ ಮುಖ್ಯ ವಿಷಯವಾಗಿಟ್ಟುಕೊಂಡು ಓದಲು ಹೊರಡುತ್ತೇನೆಂದರೆ ಮನೆಯ ಹಿರಿಯರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಮೂರು ಪ್ರಶ್ನೆಗಳಿರುತ್ತವೆ. ಸೇರಿಸಿಕೊಳ್ಳಲು ಏನು ಕೇಳುತ್ತಾರೆ? ಸೇರಿದ ಮೇಲೆ ಏನು ಓದಿಸುತ್ತಾರೆ? ಮುಗಿಸಿ ಬಂದರೆ ಏನು ದೊರೆಯುತ್ತದೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಓದಿನ ಸಾಲವನ್ನು ತೀರಿಸಬೇಕಾದವರು ಇವನ್ನು ಕೇಳದಿದ್ದರೆ ಮತ್ತೆ ಯಾರು ಕೇಳಬೇಕು?

ಈ ಲೇಖನದಲ್ಲಿ ಆ ಮೂರನ್ನೂ ಕ್ರಮವಾಗಿ ನೋಡೋಣ. ಆದರೆ ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಈ ಪದವಿಗೆ ಯೂರೋಪಿನಲ್ಲೆಲ್ಲ ಅನ್ವಯಿಸುವ ಒಂದೇ ನಿಯಮಾವಳಿ ಎಂಬುದಿಲ್ಲ. ಒಂದು ವಿಶ್ವವಿದ್ಯಾನಿಲಯ ಕೇಳುವುದನ್ನು ಇನ್ನೊಂದು ಕೇಳದು. ಇದನ್ನು ಕಂಡು ಅನೇಕ ವಿದ್ಯಾರ್ಥಿಗಳು ತಬ್ಬಿಬ್ಬಾಗುತ್ತಾರೆ. ಹಾಗೇಕೆ ಎಂದು ವಿಚಾರಿಸಿದರೆ ಅದಕ್ಕೊಂದು ಕಾರಣವುಂಟು. ಆ ಕಾರಣವನ್ನು ತಿಳಿದವರಿಗೆ ಈ ವಿಷಯದ ಮೊದಲನೆಯ ಪಾಠ ಆಗಲೇ ಆದಂತೆ.

ಯೂರೋಪಿನ ಅಧ್ಯಯನ ಎಂಬ ಪ್ರತ್ಯೇಕ ಶಾಖೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಬೂದಿಯಲ್ಲಿ. ೧೯೪೮ರ ಮೇ ತಿಂಗಳಲ್ಲಿ ಹೇಗ್ ನಗರದಲ್ಲಿ ಯೂರೋಪಿನ ಐಕ್ಯವನ್ನು ಬಯಸಿದವರ ದೊಡ್ಡದೊಂದು ಸಮ್ಮೇಳನ ನಡೆಯಿತು. ಇಪ್ಪತ್ತೈದು ವರ್ಷಗಳ ಅಂತರದೊಳಗೆ ಎರಡು ಸಲ ಒಬ್ಬರನ್ನೊಬ್ಬರು ಕೊಂದುಕೊಂಡ ದೇಶಗಳ ಯುವಕರು ಒಂದೇ ಸೂರಿನಡಿ ಕೂಡಿ ಬಾಳಿ ಓದಬೇಕು ಎಂಬ ಆಲೋಚನೆಯನ್ನು ಸ್ಪೇನಿನ ಸಾಲ್ವದೋರ್ ದೆ ಮದರಿಯಾಗ ಮುಂತಾದವರು ಎತ್ತಿ ಹಿಡಿದರು. ಅದರ ಫಲವಾಗಿ ೧೯೪೯ರಲ್ಲಿ ಬೆಲ್ಜಿಯಮಿನ ಹಳೆಯ ಕಾಲುವೆಗಳ ಪಟ್ಟಣವಾದ ಬ್ರೂಜ್‌ನಲ್ಲಿ ಯೂರೋಪ್ ಕಾಲೇಜು ಆರಂಭವಾಯಿತು. ನೆದರ್ಲೆಂಡ್ಸಿನ ಹೆಂಡ್ರಿಕ್ ಬ್ರೂಗ್ಮನ್ಸ್ ಅದರ ಮೊದಲ ರೆಕ್ಟರ್ ಆಗಿ ೧೯೭೨ರವರೆಗೆ ಅದನ್ನು ನಡೆಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾಲೇಜು ಹುಟ್ಟಿದಾಗ ಅದು ಮುಂದೆ ಅಧ್ಯಯನ ಮಾಡಲಿದ್ದ ಒಕ್ಕೂಟವಿನ್ನೂ ಹುಟ್ಟಿರಲಿಲ್ಲ!

ಒಕ್ಕೂಟದ ಬೀಜ ಬಿದ್ದದ್ದು ಮರುವರ್ಷ. ೧೯೫೦ರ ಮೇ ೯ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮಾನ್ ಒಂದು ಘೋಷಣೆಯನ್ನು ಮಾಡಿದರು. ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು, ಉಕ್ಕುಗಳ ಉತ್ಪಾದನೆಯನ್ನು ಒಂದೇ ಅಧಿಕಾರದ ಕೆಳಗೆ ಇಡೋಣ ಎಂಬುದು ಅದರ ಸಾರ. ಫಿರಂಗಿ ಎರಕವಾಗುವುದು ಕಲ್ಲಿದ್ದಲು, ಉಕ್ಕುಗಳಿಂದ ತಾನೆ? ಅವೇ ಕೂಡುಸ್ವತ್ತಾದರೆ ಗುಟ್ಟಾಗಿ ಯುದ್ಧಕ್ಕೆ ಸಿದ್ಧರಾಗುವುದು ಯಾರಿಂದಲೂ ಆಗದು. ೧೯೫೧ರಲ್ಲಿ ಆರು ದೇಶಗಳು ಈ ಒಡಂಬಡಿಕೆಗೆ ಸಹಿ ಹಾಕಿದವು. ೧೯೫೭ರಲ್ಲಿ ರೋಮಿನ ಒಡಂಬಡಿಕೆಗಳು ಬಂದವು. ೧೯೯೨ರಲ್ಲಿ ಸಹಿಯಾದ ಮಾಸ್ಟ್ರಿಕ್ಟಿನ ಒಡಂಬಡಿಕೆಯಿಂದ ಯೂರೋಪಿಯನ್ ಒಕ್ಕೂಟ ಎಂಬ ಹೆಸರು ಬಂದಿತು. ಲಿಸ್ಬನ್ನಿನ ಒಡಂಬಡಿಕೆ ೨೦೦೯ರ ಡಿಸೆಂಬರಿನಿಂದ ಜಾರಿಯಲ್ಲಿದೆ. ೨೦೨೦ರ ಜನವರಿಯ ಕೊನೆಯಲ್ಲಿ ಬ್ರಿಟನ್ ಹೊರನಡೆದ ಮೇಲೆ ಒಕ್ಕೂಟದಲ್ಲಿ ಉಳಿದಿರುವ ದೇಶಗಳು ೨೭.

ಈ ೨೭ ದೇಶಗಳು ಯಾವ ಅಧಿಕಾರವನ್ನು ಒಕ್ಕೂಟಕ್ಕೆ ಒಪ್ಪಿಸಿವೆ, ಯಾವುದನ್ನು ತಮ್ಮಲ್ಲೇ ಇಟ್ಟುಕೊಂಡಿವೆ ಎಂಬುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿ, ರಾಜ್ಯಗಳ ಪಟ್ಟಿ, ಸಮವರ್ತಿ ಪಟ್ಟಿ ಎಂದು ಮೂರಿರುವುದು ಓದುಗರಿಗೆ ತಿಳಿದೇ ಇದೆ. ಲಿಸ್ಬನ್ ಒಡಂಬಡಿಕೆಯಲ್ಲಿಯೂ ಹೆಚ್ಚು ಕಡಿಮೆ ಅಂಥದೇ ಮೂರು ವಿಭಾಗಗಳುಂಟು. ಸುಂಕ ಮತ್ತು ಹೊರದೇಶಗಳೊಡನೆ ವ್ಯಾಪಾರ ಒಕ್ಕೂಟದ್ದೇ ಪೂರ್ಣಾಧಿಕಾರ. ಕೃಷಿ, ಪರಿಸರ, ಸಾರಿಗೆ ಮುಂತಾದವು ಹಂಚಿಕೊಂಡ ಅಧಿಕಾರ. ಮೂರನೆಯ ವಿಭಾಗದಲ್ಲಿ ಒಕ್ಕೂಟ ಸಹಾಯ ಮಾಡಬಹುದೇ ಹೊರತು ಆಜ್ಞೆ ಮಾಡುವಂತಿಲ್ಲ. ವಿದ್ಯಾಭ್ಯಾಸ ಸೇರಿರುವುದು ಈ ಮೂರನೆಯದರಲ್ಲಿ. ಆದುದರಿಂದಲೇ ಜರ್ಮನಿಯ ವಿಶ್ವವಿದ್ಯಾನಿಲಯಕ್ಕೂ ಪೋರ್ಚುಗಲ್ಲಿನ ವಿಶ್ವವಿದ್ಯಾನಿಲಯಕ್ಕೂ ಒಂದೇ ಪ್ರವೇಶನಿಯಮವನ್ನು ವಿಧಿಸುವ ಹಕ್ಕು ಬ್ರಸೆಲ್ಸಿನ ಯಾವ ಕಚೇರಿಗೂ ಇಲ್ಲ. ವಿದ್ಯಾರ್ಥಿಯ ತಲೆನೋವಿಗೆ ಮೂಲ ಇದು.

ಆಜ್ಞೆ ಇಲ್ಲದಿದ್ದರೂ ಒಪ್ಪಂದ ಸಾಧ್ಯವಷ್ಟೆ. ೧೯೯೯ರ ಜೂನ್ ತಿಂಗಳಲ್ಲಿ ೨೯ ದೇಶಗಳ ವಿದ್ಯಾಮಂತ್ರಿಗಳು ಇಟಲಿಯ ಬೊಲೊನ್ಯದಲ್ಲಿ ಸೇರಿ, ತಮ್ಮ ತಮ್ಮ ಪದವಿಗಳನ್ನು ಒಂದನ್ನೊಂದು ಹೋಲಿಸಿ ನೋಡಲು ಬರುವಂತೆ ಹೊಂದಿಸಿಕೊಳ್ಳೋಣವೆಂದು ಮಾತು ಕೊಟ್ಟರು. ಇದು ಒಕ್ಕೂಟದ ಕಾನೂನಲ್ಲ, ದೇಶಗಳು ತಾವಾಗಿ ಕೈಗೊಂಡ ಸಂಕಲ್ಪ. ಅಲ್ಲಿಂದ ಮುಂದೆ ಪದವಿಯ ಓದನ್ನು ಅಳೆಯಲು ಎಲ್ಲರಿಗೂ ಒಂದೇ ಕೊಳಗವಾಯಿತು. ಅದನ್ನು ಕ್ರೆಡಿಟ್ ಎನ್ನುತ್ತಾರೆ. ಒಂದು ವರ್ಷದ ಪೂರ್ಣ ಓದಿಗೆ ೬೦ ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ೨೫ರಿಂದ ೩೦ ಗಂಟೆಗಳ ದುಡಿಮೆ. ಪಾಠ ಕೇಳುವುದು, ಮನೆಯಲ್ಲಿ ಓದುವುದು, ಬರೆಯುವುದು, ಪರೀಕ್ಷೆಗೆ ಸಿದ್ಧವಾಗುವುದು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಹೀಗೆ ೬೦ ಕ್ರೆಡಿಟ್ಟಿನ ಸ್ನಾತಕೋತ್ತರ ಪದವಿ ೧,೫೦೦ರಿಂದ ೧,೮೦೦ ಗಂಟೆಗಳ ಕೆಲಸವಾಯಿತು. ೧೨೦ ಕ್ರೆಡಿಟ್ಟಿನದು ಅದರ ಎರಡರಷ್ಟು. ಯೂರೋಪಿನ ಅಧ್ಯಯನದ ಪದವಿಗಳಲ್ಲಿ ಒಂದು ವರ್ಷದವೂ ಉಂಟು, ಎರಡು ವರ್ಷದವೂ ಉಂಟು. ತರಗತಿಯಲ್ಲಿ ವಾರಕ್ಕೆ ಹತ್ತು ಹನ್ನೆರಡು ಗಂಟೆ ಮಾತ್ರ ಪಾಠವಿರುವುದನ್ನು ನೋಡಿ, ಇದೇನು ಸುಲಭದ ಓದು ಎಂದುಕೊಂಡವರು ಉಳಿದ ಗಂಟೆಗಳನ್ನು ಮರೆತಿರುತ್ತಾರೆ.

ಇನ್ನು ಬಾಗಿಲಲ್ಲಿ ಕೇಳುವ ಷರತ್ತುಗಳಿಗೆ ಬರೋಣ. ಮೊದಲನೆಯದು ಹಿಂದಿನ ಪದವಿ. ಯೂರೋಪಿನಲ್ಲಿ ಮೊದಲ ಪದವಿಗೆ ಸಾಮಾನ್ಯವಾಗಿ ೧೮೦ ಅಥವಾ ೨೪೦ ಕ್ರೆಡಿಟ್. ನಮ್ಮ ಮೂರು ವರ್ಷದ ಬಿ.ಎ. ಪದವಿಯನ್ನು ಕೆಲವು ವಿಶ್ವವಿದ್ಯಾನಿಲಯಗಳು ೧೮೦ಕ್ಕೆ ಸಮನೆಂದು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಬ್ರೂಜ್‌ನ ಕಾಲೇಜು ಸಾಮಾನ್ಯವಾಗಿ ೨೪೦ ಕ್ರೆಡಿಟ್ಟಿನಷ್ಟು, ಎಂದರೆ ನಾಲ್ಕು ವರ್ಷದಷ್ಟು, ಓದನ್ನು ಬಯಸುತ್ತದೆ. ಕರ್ನಾಟಕದಲ್ಲಿ ೨೦೨೧ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮ ಬಂದು, ೨೦೨೪ರಲ್ಲಿ ಮತ್ತೆ ಮೂರು ವರ್ಷದ ಕ್ರಮಕ್ಕೆ ಮರಳಿದುದು ಸರಿಯಷ್ಟೆ. ಆದುದರಿಂದ ಒಂದೇ ಕಾಲೇಜಿನ ಹಿಂದು ಮುಂದಿನ ತಂಡಗಳ ವಿದ್ಯಾರ್ಥಿಗಳ ಕೈಯಲ್ಲಿ ಬೇರೆ ಬೇರೆ ಅಳತೆಯ ಪದವಿಗಳಿರಬಹುದು. ಅಕ್ಕನಿಗೆ ದೊರೆತ ಪ್ರವೇಶ ತಮ್ಮನಿಗೂ ದೊರೆಯುತ್ತದೆಂದು ತಿಳಿಯಬಾರದು. ಇಲ್ಲಿಯೇ ಎಂ.ಎ. ಮುಗಿಸಿ ಹೋದವರಿಗೆ ಈ ತೊಡಕಿಲ್ಲ. ಜರ್ಮನಿಗೆ ಹೋಗುವವರು ತಮ್ಮ ಪ್ರಮಾಣಪತ್ರಗಳನ್ನು ದೆಹಲಿಯ ಎ.ಪಿ.ಎಸ್. ಎಂಬ ಪರಿಶೀಲನಾ ಕಚೇರಿಯಿಂದ ದೃಢಪಡಿಸಿಕೊಳ್ಳಬೇಕೆಂಬ ನಿಯಮ ೨೦೨೨ರ ನವೆಂಬರಿನಿಂದ ಬಂದಿದೆ. ಇದಕ್ಕೆ ಸಮಯ ಹಿಡಿಯುವುದರಿಂದ ಕೊನೆಯ ಗಳಿಗೆಯಲ್ಲಿ ಓಡಾಡುವವರಿಗೆ ಕಷ್ಟ.

ಪದವಿಯ ಉದ್ದವಷ್ಟೇ ಸಾಲದು, ಅದರ ವಿಷಯವನ್ನೂ ನೋಡುತ್ತಾರೆ. ರಾಜ್ಯಶಾಸ್ತ್ರ, ಇತಿಹಾಸ, ನ್ಯಾಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಇವುಗಳಲ್ಲೊಂದನ್ನು ಓದಿದವರಿಗೆ ಬಾಗಿಲು ತೆರೆದಿರುತ್ತದೆ. ಇಂತಿಷ್ಟು ಕ್ರೆಡಿಟ್ ಸಮಾಜ ವಿಜ್ಞಾನಗಳಲ್ಲಿಯೇ ಇರಬೇಕು ಎಂದು ನಿಗದಿಮಾಡುವ ವಿಶ್ವವಿದ್ಯಾನಿಲಯಗಳೂ ಉಂಟು. ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿದವರು ಈ ಕಡೆಗೆ ಹೊರಳಲು ಬಯಸಿದರೆ ಅಸಾಧ್ಯವೇನಲ್ಲ. ಆದರೆ ನೆದರ್ಲೆಂಡ್ಸಿನಂಥ ಕಡೆಗಳಲ್ಲಿ ಮೊದಲು ಸೇತುವೆಯಂಥ ಪೂರ್ವಶಿಕ್ಷಣವನ್ನು ಮುಗಿಸಬೇಕಾಗಿ ಬರಬಹುದು.

ಎರಡನೆಯ ಷರತ್ತು ಭಾಷೆ. ಇಂಗ್ಲಿಷಿನಲ್ಲಿ ನಡೆಯುವ ಪದವಿಗಳಿಗೆ ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ಒಂಬತ್ತರಲ್ಲಿ ಆರೂವರೆ ಅಥವಾ ಏಳು ಅಂಕ ಸಾಮಾನ್ಯ ಬೇಡಿಕೆ. ಆ ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ. ಯೂರೋಪಿನ ಭಾಷೆಗಳನ್ನು ಅಳೆಯಲು ಎ೧ರಿಂದ ಸಿ೨ರವರೆಗೆ ಆರು ಮೆಟ್ಟಿಲುಗಳ ಮಾಪನವೊಂದಿದೆ. ೨೦೦೧ರಲ್ಲಿ ಪ್ರಕಟವಾದ ಇದನ್ನು ಈಗ ಎಲ್ಲರೂ ಬಳಸುತ್ತಾರೆ. ಬ್ರೂಜ್‌ನಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಪಾಠದ ಭಾಷೆಗಳಾದುದರಿಂದ ಎರಡರ ಪರಿಚಯವೂ ಬೇಕು. ಇದು ಕೇವಲ ಆಡಂಬರವಲ್ಲ. ೧೯೫೮ರಲ್ಲಿ ಆರು ದೇಶಗಳ ಸಮುದಾಯ ಮಾಡಿದ ಮೊತ್ತಮೊದಲ ನಿಬಂಧನೆಯೇ ಭಾಷೆಗಳನ್ನು ಕುರಿತದ್ದು. ಆಗ ಅಧಿಕೃತ ಭಾಷೆಗಳು ನಾಲ್ಕು, ಈಗ ೨೪. ಒಂದು ಕಾನೂನನ್ನು ಪ್ರಜೆಗಳ ಮೇಲೆ ಹೇರಬೇಕಾದರೆ ಅದನ್ನು ಅವರವರ ಭಾಷೆಯಲ್ಲಿ ಓದಿಕೊಳ್ಳುವ ಹಕ್ಕು ಅವರಿಗಿರಬೇಕೆಂಬುದು ಅದರ ತತ್ತ್ವ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡಿ, ಬೀದಿಯಲ್ಲಿ ಕನ್ನಡ ಮಾತನಾಡಿ, ಕಾಲೇಜಿನಲ್ಲಿ ಇಂಗ್ಲಿಷ್ ಬರೆದು ಬೆಳೆದ ನಮ್ಮ ಮಕ್ಕಳಿಗೆ ಇದು ಬಲು ಬೇಗ ಅರ್ಥವಾಗುತ್ತದೆ. ಆದರೆ ಫ್ರೆಂಚ್ ಅಥವಾ ಜರ್ಮನ್ ಕಲಿಯುವ ಕೆಲಸವನ್ನು ವಿಮಾನ ಹತ್ತುವುದಕ್ಕೆ ಎರಡು ವರ್ಷ ಮುಂಚೆಯೇ ಹಿಡಿಯಬೇಕು. ಇಂಗ್ಲಿಷ್ ಒಂದರಿಂದಲೇ ಪದವಿ ಮುಗಿಯಬಹುದು. ಇಂಗ್ಲಿಷ್ ಒಂದರಿಂದಲೇ ಯೂರೋಪು ತಿಳಿಯದು.

ಮೂರನೆಯದು, ವಿದ್ಯಾರ್ಥಿಯು ತಾನೇಕೆ ಈ ವಿಷಯವನ್ನು ಓದಬಯಸುತ್ತೇನೆಂದು ತಿಳಿಸುವ ಪತ್ರ ಮತ್ತು ಅಧ್ಯಾಪಕರ ಶಿಫಾರಸುಗಳು. ನಮ್ಮಲ್ಲಿ ಈ ಪತ್ರವನ್ನು ಹಗುರವಾಗಿ ಕಾಣುವ ಅಭ್ಯಾಸವಿದೆ. ಚಿಕ್ಕಂದಿನಿಂದ ಯೂರೋಪೆಂದರೆ ಪ್ರೀತಿ, ಅಲ್ಲಿನ ಸಂಸ್ಕೃತಿ ಮಹತ್ತಾದುದು ಎಂದು ಬರೆದು ಕಳುಹಿಸುತ್ತಾರೆ. ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅವರು ಹುಡುಕುವುದು ಒಂದು ಪ್ರಶ್ನೆಯನ್ನು. ಈ ಹುಡುಗಿಗೆ ಯಾವುದರ ಬಗೆಗೆ ಉತ್ತರ ಬೇಕಾಗಿದೆ? ಆ ಉತ್ತರ ನಮ್ಮಲ್ಲಿ ಸಿಕ್ಕುವಂಥದೆ? ಇಷ್ಟು ಸ್ಪಷ್ಟವಾಗಿದ್ದರೆ ಒಂದೆರಡು ಅಂಕಗಳ ಕೊರತೆಯನ್ನು ಮನ್ನಿಸುವ ಅಧ್ಯಾಪಕರೂ ಉಂಟು.

ಬಾಗಿಲು ದಾಟಿದ ಮೇಲೆ ಒಳಗಿನ ಷರತ್ತುಗಳು ಆರಂಭವಾಗುತ್ತವೆ. ಮೊದಲು ಸಂಸ್ಥೆಗಳ ಪರಿಚಯ. ಇಲ್ಲಿ ಹೆಸರುಗಳೇ ವಿದ್ಯಾರ್ಥಿಯನ್ನು ಕಾಡುತ್ತವೆ. ಯೂರೋಪಿಯನ್ ಕೌನ್ಸಿಲ್ ಎಂಬುದು ೨೭ ದೇಶಗಳ ಮುಖ್ಯಸ್ಥರ ಕೂಟ. ಒಕ್ಕೂಟದ ಕೌನ್ಸಿಲ್ ಎಂಬುದು ಆ ದೇಶಗಳ ಮಂತ್ರಿಗಳ ಸಭೆ. ಕಾನೂನು ಮಾಡುವುದರಲ್ಲಿ ಅದಕ್ಕೂ ಯೂರೋಪಿಯನ್ ಪಾರ್ಲಿಮೆಂಟಿಗೂ ಪಾಲುಂಟು. ಕೌನ್ಸಿಲ್ ಆಫ್ ಯೂರೋಪ್ ಎಂಬುದು ಒಕ್ಕೂಟಕ್ಕೆ ಸೇರಿದ್ದೇ ಅಲ್ಲ. ೧೯೪೯ರಲ್ಲಿ ಹುಟ್ಟಿ ಸ್ಟ್ರಾಸ್‌ಬರ್ಗಿನಲ್ಲಿ ನೆಲೆಸಿರುವ ಬೇರೆಯ ಸಂಸ್ಥೆ ಅದು. ೨೦೨೨ರಲ್ಲಿ ರಷ್ಯವನ್ನು ಹೊರಹಾಕಿದ ಮೇಲೆ ಅದರಲ್ಲಿ ೪೬ ದೇಶಗಳಿವೆ. ಮಾನವ ಹಕ್ಕುಗಳ ನ್ಯಾಯಾಲಯ ಅದಕ್ಕೆ ಸೇರಿದ್ದು. ಒಕ್ಕೂಟದ ನ್ಯಾಯಾಲಯ ಇರುವುದು ಲಕ್ಸೆಂಬರ್ಗಿನಲ್ಲಿ. ಸಾಲದುದಕ್ಕೆ ನೀಲಿಯ ಮೇಲೆ ಹನ್ನೆರಡು ನಕ್ಷತ್ರಗಳ ಒಂದೇ ಬಾವುಟವನ್ನು ಎರಡೂ ಹಾರಿಸುತ್ತವೆ! ಪತ್ರಿಕೆಗಳು ಕೂಡ ಇವನ್ನು ಒಂದಕ್ಕೊಂದು ಬೆರೆಸುವುದುಂಟು. ವಿದ್ಯಾರ್ಥಿ ಮಾತ್ರ ಬೆರೆಸಕೂಡದು.

ಎರಡನೆಯದು, ತೀರ್ಮಾನಗಳು ಹೇಗೆ ಆಗುತ್ತವೆಂಬ ಲೆಕ್ಕಾಚಾರ. ಮಂತ್ರಿಗಳ ಕೌನ್ಸಿಲ್ಲಿನಲ್ಲಿ ಅನೇಕ ವಿಷಯಗಳಿಗೆ ವಿಶೇಷ ಬಹುಮತ ಬೇಕು. ನೂರಕ್ಕೆ ೫೫ರಷ್ಟು ದೇಶಗಳು, ಎಂದರೆ ೨೭ರಲ್ಲಿ ೧೫, ಒಪ್ಪಬೇಕು. ಆ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ನೂರಕ್ಕೆ ೬೫ರಷ್ಟು ಇರಬೇಕು. ಜರ್ಮನಿ, ಫ್ರಾನ್ಸ್, ಇಟಲಿ ಮೂರೂ ಸೇರಿದರೆ ಜನಸಂಖ್ಯೆಯಲ್ಲಿ ನೂರಕ್ಕೆ ೪೦ನ್ನು ಮೀರುತ್ತವೆ. ಹಾಗಾದರೆ ಈ ಮೂವರೇ ಯಾವ ಮಸೂದೆಯನ್ನಾದರೂ ತಡೆಯಬಹುದಲ್ಲ ಎಂದು ತೋರುತ್ತದೆ. ತಡೆಯಲಾರರು. ತಡೆಯುವ ಗುಂಪಿನಲ್ಲಿ ಕನಿಷ್ಠ ನಾಲ್ಕು ದೇಶಗಳಿರಬೇಕೆಂಬ ನಿಯಮವನ್ನು ಒಡಂಬಡಿಕೆಯಲ್ಲಿಯೇ ಸೇರಿಸಿದ್ದಾರೆ. ದೊಡ್ಡಣ್ಣಂದಿರು ಮೂವರು ಕೂಡಿ ಮನೆಯನ್ನೆಲ್ಲ ಆಳದಂತೆ ಚಿಕ್ಕವರು ಮಾಡಿಕೊಂಡ ಏರ್ಪಾಡಿದು. ವಿದೇಶಾಂಗ ನೀತಿ, ತೆರಿಗೆಗಳಂಥ ವಿಷಯಗಳಲ್ಲಾದರೋ ಸಾಮಾನ್ಯವಾಗಿ ಎಲ್ಲರ ಒಮ್ಮತವೇ ಬೇಕು. ಅಲ್ಲಿ ಅತ್ಯಂತ ಚಿಕ್ಕ ದೇಶವಾದ ಮಾಲ್ಟ ಕೂಡ ಬೇಡವೆಂದರೆ ಬೇಡವೇ.

ಮೂರನೆಯದು ಕಾನೂನು. ರಾಜ್ಯಶಾಸ್ತ್ರದ ವಿದ್ಯಾರ್ಥಿಗೇಕೆ ಕಾನೂನು ಎನ್ನಬಾರದು, ಏಕೆಂದರೆ ಈ ಒಕ್ಕೂಟವನ್ನು ಕಟ್ಟಿದ್ದರಲ್ಲಿ ನ್ಯಾಯಾಧೀಶರ ಪಾಲು ಸಣ್ಣದಲ್ಲ. ಮಿಲಾನಿನ ಫ್ಲಾಮಿನಿಯೊ ಕೋಸ್ತ ಎಂಬ ವಕೀಲರ ಮೊಕದ್ದಮೆಯನ್ನೇ ನೋಡಿ. ೧೯೬೨ರಲ್ಲಿ ಇಟಲಿಯ ಸರಕಾರ ವಿದ್ಯುತ್ತಿನ ಉದ್ಯಮವನ್ನು ರಾಷ್ಟ್ರೀಕರಿಸಿತು. ಅದನ್ನು ಒಪ್ಪದ ಕೋಸ್ತ, ಎರಡು ಸಾವಿರ ಲೀರಕ್ಕೂ ಕಡಿಮೆಯ ಒಂದು ವಿದ್ಯುತ್ ಬಿಲ್ಲನ್ನು ಕಟ್ಟದೆ ನ್ಯಾಯಾಲಯಕ್ಕೆ ಹೋದರು. ಬಿಲ್ಲು ಸಣ್ಣದು, ಪ್ರಶ್ನೆ ದೊಡ್ಡದು: ದೇಶದ ಕಾನೂನಿಗೂ ಸಮುದಾಯದ ಕಾನೂನಿಗೂ ವಿರೋಧ ಬಂದರೆ ಯಾವುದು ಮೇಲು? ೧೯೬೪ರಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯ ಸಮುದಾಯದ ಕಾನೂನೇ ಮೇಲೆಂದು ಹೇಳಿತು. ಅದಕ್ಕೆ ಒಂದು ವರ್ಷ ಮುಂಚೆ, ೧೯೬೩ರಲ್ಲಿ, ಡಚ್ ಕಂಪನಿಯೊಂದರ ಸುಂಕದ ಮೊಕದ್ದಮೆಯಲ್ಲಿ, ಒಡಂಬಡಿಕೆಯ ಆಧಾರದ ಮೇಲೆ ಸಾಮಾನ್ಯ ಪ್ರಜೆಯೂ ತನ್ನ ದೇಶದ ನ್ಯಾಯಾಲಯದಲ್ಲಿ ಹಕ್ಕು ಕೇಳಬಹುದೆಂದು ಅದೇ ನ್ಯಾಯಾಲಯ ತೀರ್ಪಿತ್ತಿತ್ತು. ವಿಶೇಷವೇನೆಂದರೆ, ಒಡಂಬಡಿಕೆಯಲ್ಲಿ ಈ ಮಾತುಗಳನ್ನು ಯಾರೂ ಹೀಗೆ ಬಿಡಿಸಿ ಬರೆದಿರಲಿಲ್ಲ.

ನಾಲ್ಕನೆಯದು ಸಿದ್ಧಾಂತಗಳು. ದೇಶಗಳು ತಮ್ಮ ಅಧಿಕಾರವನ್ನು ತಾವಾಗಿ ಏಕೆ ಬಿಟ್ಟುಕೊಡುತ್ತವೆ? ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಅರ್ನ್‌ಸ್ಟ್ ಹಾಸ್ ೧೯೫೮ರ ತಮ್ಮ ಗ್ರಂಥದಲ್ಲಿ ಒಂದು ಉತ್ತರವನ್ನು ಕೊಟ್ಟರು. ಒಂದು ಕ್ಷೇತ್ರದಲ್ಲಿ ಕೂಡಿ ಕೆಲಸ ಮಾಡಿದರೆ ಅದು ಪಕ್ಕದ ಕ್ಷೇತ್ರಕ್ಕೂ ಹರಿಯುತ್ತದೆ, ಕಲ್ಲಿದ್ದಲಿನಿಂದ ಆರಂಭವಾದದ್ದು ಅಲ್ಲಿಗೇ ನಿಲ್ಲದು, ಎಂಬುದು ಅದರ ಸಾರ. ಆದರೆ ೧೯೬೫ರಲ್ಲಿ ಅಧ್ಯಕ್ಷ ದ ಗಾಲರ ಫ್ರಾನ್ಸ್ ಸಮುದಾಯದ ಸಭೆಗಳಿಂದ ಏಳು ತಿಂಗಳು ದೂರ ಉಳಿದು ತನ್ನ ಕುರ್ಚಿಯನ್ನು ಖಾಲಿಯಿಟ್ಟಿತು. ಇದಾದ ಬಳಿಕ ೧೯೬೬ರಲ್ಲಿ ಸ್ಟ್ಯಾನ್ಲಿ ಹಾಫ್‌ಮನ್, ರಾಷ್ಟ್ರಗಳು ಅಷ್ಟು ಸುಲಭವಾಗಿ ಕರಗುವುದಿಲ್ಲವೆಂದು ವಾದಿಸಿದರು. ಬ್ರಿಟನ್ನಿನ ಇತಿಹಾಸಕಾರ ಅಲನ್ ಮಿಲ್ವರ್ಡ್ ೧೯೯೨ರಲ್ಲಿ ಇನ್ನೂ ಮುಂದೆ ಹೋಗಿ, ಒಕ್ಕೂಟ ರಾಷ್ಟ್ರಗಳನ್ನು ನುಂಗಲಿಲ್ಲ, ಯುದ್ಧದಿಂದ ಜರ್ಜರಿತವಾದ ರಾಷ್ಟ್ರಗಳನ್ನು ಬದುಕಿಸಿತು ಎಂದರು. ಯಾರು ಹೇಳಿದ್ದು ಸರಿ ಎಂದು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಯಾವ ಘಟನೆಯನ್ನು ಯಾರ ವಾದ ಚೆನ್ನಾಗಿ ವಿವರಿಸುತ್ತದೆ, ಎಲ್ಲಿ ಎಡವುತ್ತದೆ ಎಂದು ಕೇಳುತ್ತಾರೆ. ಟಿಪ್ಪಣಿಗಳನ್ನು ಬಾಯಿಪಾಠ ಮಾಡಿ ಪಾಸಾದ ಅಭ್ಯಾಸವಿದ್ದವರಿಗೆ ಇಲ್ಲಿ ಮೊದಲ ಪೆಟ್ಟು ಬೀಳುತ್ತದೆ.

ಇಲ್ಲಿ ಭಾರತದ ವಿದ್ಯಾರ್ಥಿಗೆ ಒಂದು ಅನುಕೂಲವೂ ಇದೆ. ಅನೇಕ ಭಾಷೆಗಳ, ಅನೇಕ ರಾಜ್ಯಗಳ ಒಕ್ಕೂಟದಲ್ಲಿ ಹುಟ್ಟಿ ಬೆಳೆದವರು ನಾವು. ಆದರೆ ವ್ಯತ್ಯಾಸವನ್ನೂ ಮರೆಯಬಾರದು. ನಮ್ಮಲ್ಲಿ ಪಾರ್ಲಿಮೆಂಟು ರಾಜ್ಯಗಳ ಎಲ್ಲೆಗಳನ್ನು ಬದಲಿಸಬಲ್ಲದು, ರಾಜ್ಯವೊಂದು ದೇಶವನ್ನು ಬಿಟ್ಟು ಹೋಗುವಂತಿಲ್ಲ. ಅಲ್ಲಿ ಒಕ್ಕೂಟ ಯಾವ ದೇಶದ ಎಲ್ಲೆಯನ್ನೂ ಮುಟ್ಟಲಾರದು, ಬಿಟ್ಟು ಹೋಗುವ ದಾರಿಯನ್ನು ಒಡಂಬಡಿಕೆಯ ೫೦ನೆಯ ವಿಧಿಯೇ ತೋರಿಸಿಕೊಡುತ್ತದೆ. ಈ ಹೋಲಿಕೆಯನ್ನು ಚೆನ್ನಾಗಿ ಮಾಡಬಲ್ಲ ವಿದ್ಯಾರ್ಥಿಯ ಮಾತಿಗೆ ಅಲ್ಲಿನ ತರಗತಿಯಲ್ಲಿ ಬೆಲೆಯುಂಟು. ಆದುದರಿಂದ ಯೂರೋಪನ್ನು ಓದಲು ಹೋಗುವವರು ನಮ್ಮ ಸಂವಿಧಾನವನ್ನು ಮೊದಲು ಸರಿಯಾಗಿ ಓದಿಕೊಂಡು ಹೋಗುವುದು ಲೇಸು.

ಕೊನೆಯ ಮತ್ತು ಎಲ್ಲಕ್ಕೂ ಮಿಗಿಲಾದ ಷರತ್ತು ಪ್ರೌಢಪ್ರಬಂಧ. ಅದಕ್ಕೆ ಮುಂಚೆ ಸಂಶೋಧನೆಯ ವಿಧಾನವನ್ನು ಕಲಿಸುತ್ತಾರೆ: ಅಂಕಿ ಅಂಶಗಳನ್ನು ಹೇಗೆ ನಂಬಬೇಕು, ಸಂದರ್ಶನವನ್ನು ಹೇಗೆ ಮಾಡಬೇಕು, ಕಡತಗಳಿಂದ ಒಂದು ತೀರ್ಮಾನದ ಜಾಡನ್ನು ಹೇಗೆ ಹಿಡಿಯಬೇಕು ಎಂಬುದನ್ನೆಲ್ಲ. ಬಳಿಕ ವಿದ್ಯಾರ್ಥಿ ತನ್ನದೇ ಪ್ರಶ್ನೆಯೊಂದನ್ನು ಆರಿಸಿಕೊಂಡು, ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಬರೆಯಬೇಕು.

ಎಂಥ ಪ್ರಶ್ನೆ? ನಮ್ಮ ಬಾಗಿಲಿನ ಬಳಿಯದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೨೩ರಲ್ಲಿ ಒಕ್ಕೂಟ ಒಂದು ನಿಬಂಧನೆಯನ್ನು ಅಂಗೀಕರಿಸಿತು. ಕಾಫಿ, ಕೋಕೊ, ರಬ್ಬರು, ಮರ ಮುಂತಾದ ಏಳು ಬಗೆಯ ಸರಕುಗಳನ್ನು ಅಲ್ಲಿಗೆ ಮಾರುವವರು, ಅವು ಬೆಳೆದ ನೆಲ ೨೦೨೦ರ ಡಿಸೆಂಬರ್ ೩೧ರ ಅನಂತರ ಕಾಡು ಕಡಿದು ಮಾಡಿದ್ದಲ್ಲವೆಂದು ತೋರಿಸಬೇಕೆಂಬುದು ಅದರ ಸಾರ. ಅದರ ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ. ಭಾರತದ ಕಾಫಿಯ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಅದನ್ನು ಕೊಳ್ಳುವವರಲ್ಲಿ ಇಟಲಿ, ಜರ್ಮನಿಗಳು ಮುಂದಿವೆ. ಈಗ ಪ್ರಶ್ನೆ ಹೀಗೆ: ಈ ನಿಬಂಧನೆಯನ್ನು ಯಾರು ತಂದರು, ಯಾರು ಒಪ್ಪಿದರು, ಮುಂದಕ್ಕೆ ಹಾಕಿಸಿದವರು ಯಾರು? ನಾಲ್ಕೆಕರೆ ತೋಟದ ಬೆಳೆಗಾರನ ಮಾತು ಆ ಸಭೆಗಳಿಗೆ ತಲಪಿತೆ, ತಲಪಿದ್ದರೆ ಯಾರ ಮೂಲಕ? ಇದಕ್ಕೆ ಉತ್ತರ ಹುಡುಕಬೇಕಾದರೆ ಸಂಸ್ಥೆಗಳ ಪರಿಚಯ ಬೇಕು, ಮತಗಳ ಲೆಕ್ಕ ಬೇಕು, ಕಾನೂನು ಬೇಕು, ಭಾಷೆ ಬೇಕು. ಮೇಲೆ ಹೇಳಿದ ಒಂದೊಂದು ಷರತ್ತೂ ಏಕಿದೆಯೆಂಬುದು ಆಗ ತಾನಾಗಿಯೇ ಗೊತ್ತಾಗುತ್ತದೆ.

ಇನ್ನು ಹಣದ ವಿಚಾರ. ಜರ್ಮನಿಯ ಬಹುತೇಕ ಸರಕಾರೀ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡನ್ ವುರ್ಟೆಂಬರ್ಗ್ ರಾಜ್ಯ ೨೦೧೭ರಿಂದ ಒಕ್ಕೂಟದ ಹೊರಗಿನವರಿಂದ ಅರ್ಧ ವರ್ಷಕ್ಕೆ ೧,೫೦೦ ಯೂರೋ ತೆಗೆದುಕೊಳ್ಳುತ್ತದೆ. ಶುಲ್ಕವಿಲ್ಲದಿದ್ದರೂ ಒಂದು ವರ್ಷದ ಜೀವನವೆಚ್ಚಕ್ಕೆ ಹಣವಿದೆಯೆಂದು ವೀಸಾ ಕೊಡುವ ಮೊದಲು ತೋರಿಸಬೇಕು. ೨೦೨೪ರಲ್ಲಿ ನಿಗದಿಯಾದ ಮೊತ್ತ ೧೧,೯೦೪ ಯೂರೋ. ಒಕ್ಕೂಟವೇ ನಡೆಸುವ ಎರಾಸ್ಮಸ್ ಮುಂಡಸ್ ಎಂಬ ಯೋಜನೆ ೨೦೦೪ರಿಂದ ಇದೆ. ಇದರಲ್ಲಿ ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದುತ್ತಾನೆ. ಆಯ್ಕೆಯಾದವರಿಗೆ ೨೦೨೧ರ ಕ್ರಮದಂತೆ ತಿಂಗಳಿಗೆ ೧,೪೦೦ ಯೂರೋ ವೇತನವಿದ್ದು ಶುಲ್ಕವೂ ಇರುವುದಿಲ್ಲ. ಸ್ಪರ್ಧೆ ಬಲವಾದುದೇ. ಆದರೂ ಸಾಲದ ಅರ್ಜಿಗೆ ಮುಂಚೆ ಈ ಅರ್ಜಿಯನ್ನು ಹಾಕಿ ನೋಡುವುದು ಜಾಣತನ.

ಮೂರನೆಯ ಪ್ರಶ್ನೆ ಉಳಿಯಿತು. ಮುಗಿಸಿದ ಮೇಲೆ ಏನು? ಇದನ್ನು ಬಿಚ್ಚುಮಾತಿನಲ್ಲಿ ಹೇಳಬೇಕು. ಬ್ರೂಜ್‌ನಲ್ಲಿ ಓದಿದ ಅಲೆಕ್ಸಾಂಡರ್ ಸ್ಟುಬ್ ೨೦೨೪ರಲ್ಲಿ ಫಿನ್ಲೆಂಡಿನ ಅಧ್ಯಕ್ಷರಾದರು. ಅಲ್ಲಿಯೇ ಓದಿದ ಹೆಲ್ಲೆ ಥಾರ್ನಿಂಗ್ ಶ್ಮಿಟ್ ೨೦೧೧ರಿಂದ ೨೦೧೫ರವರೆಗೆ ಡೆನ್ಮಾರ್ಕಿನ ಪ್ರಧಾನಿಯಾಗಿದ್ದರು. ಒಕ್ಕೂಟದ ಕಚೇರಿಗಳಲ್ಲಿ ಇಂಥ ಪದವೀಧರರು ಬೇಕಾದಷ್ಟಿದ್ದಾರೆ. ಆದರೆ ಒಕ್ಕೂಟದ ಕಾಯಂ ಅಧಿಕಾರಿಗಳ ಸ್ಪರ್ಧಾ ಪರೀಕ್ಷೆಗೆ ಸದಸ್ಯ ದೇಶವೊಂದರ ಪೌರತ್ವವಿರಬೇಕು. ಭಾರತದ ಪೌರರಿಗೆ, ಎಷ್ಟೇ ಅಂಕ ಬಂದಿರಲಿ, ಆ ಬಾಗಿಲು ಮುಚ್ಚಿದೆ. ಯೂರೋಪಿಯನ್ ಕಮಿಷನ್ನಿನಲ್ಲಿ ಐದು ತಿಂಗಳ ತರಬೇತಿಗೆ ಹೊರದೇಶದವರನ್ನೂ ಕೆಲವರನ್ನು ತೆಗೆದುಕೊಳ್ಳುವುದುಂಟು. ಅದು ಉದ್ಯೋಗವಲ್ಲ, ಅನುಭವ. ಬ್ರಸೆಲ್ಸಿನಲ್ಲಿ ನೌಕರಿ ಎಂಬ ಆಸೆಯಿಂದ ಮನೆ ಅಡವಿಟ್ಟು ಕಳುಹಿಸುವವರು ಈ ಒಂದು ನಿಯಮವನ್ನು ಮೊದಲೇ ತಿಳಿದಿರಬೇಕು.

ಹಾಗೆಂದು ಈ ಓದು ವ್ಯರ್ಥವೆಂದಲ್ಲ. ಭಾರತಕ್ಕೂ ಯೂರೋಪಿನ ಸಮುದಾಯಕ್ಕೂ ರಾಜತಾಂತ್ರಿಕ ಸಂಬಂಧ ೧೯೬೦ರ ದಶಕದ ಆರಂಭದಿಂದ ಇದೆ. ೨೦೦೪ರಲ್ಲಿ ಅದು ಆಯಕಟ್ಟಿನ ಸಹಭಾಗಿತ್ವವೆನಿಸಿತು. ರಫ್ತು ಮಾಡುವ ಸಂಸ್ಥೆಗಳಿಗೆ, ಪತ್ರಿಕೆಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ, ಕಾಲೇಜುಗಳಿಗೆ, ಸರಕಾರಕ್ಕೆ ಅಲ್ಲಿನ ನಿಬಂಧನೆಗಳನ್ನು ಮೂಲದಲ್ಲಿ ಓದಿ ಹೇಳಬಲ್ಲವರು ಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ೨೦೧೮ರಲ್ಲಿ ಜಾರಿಗೆ ಬಂದ ಒಕ್ಕೂಟದ ಖಾಸಗಿ ಮಾಹಿತಿ ರಕ್ಷಣೆಯ ನಿಯಮಗಳಿಗೆ ತಮ್ಮ ಕೆಲಸವನ್ನು ಹೊಂದಿಸಿಕೊಳ್ಳಬೇಕಾಯಿತು. ಇಂಥ ಕಡೆ ಈ ಪದವೀಧರರಿಗೆ ಕೆಲಸವುಂಟು. ಆದರೆ ಅದು ಪದವಿಯ ಹೆಸರಿಗೆ ಸಿಕ್ಕುವ ಕೆಲಸವಲ್ಲ, ತಿಳಿವಳಿಕೆಗೆ ಸಿಕ್ಕುವ ಕೆಲಸ.

ವಿದೇಶಕ್ಕೆ ಹೋಗಲು ಅನುಕೂಲವಿಲ್ಲದವರಿಗೂ ದಾರಿ ಇಲ್ಲದಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಯೂರೋಪಿನ ಅಧ್ಯಯನಕ್ಕೆಂದೇ ಕೇಂದ್ರವಿದೆ. ನಮ್ಮ ಮಣಿಪಾಲದಲ್ಲಿಯೂ ಅಂಥದೊಂದು ಕೇಂದ್ರವನ್ನು ಸ್ಥಾಪಿಸಲಾಯಿತು. ಒಡಂಬಡಿಕೆಗಳು, ನಿಬಂಧನೆಗಳು, ತೀರ್ಪುಗಳು ಎಲ್ಲವನ್ನೂ ಒಕ್ಕೂಟ ಅಂತರಜಾಲದಲ್ಲಿ ಧರ್ಮಾರ್ಥವಾಗಿ ಇಟ್ಟಿದೆ. ಹೊರಡಬೇಕೆಂದಿರುವ ವಿದ್ಯಾರ್ಥಿಯು ಮೊದಲು ಆರು ತಿಂಗಳು ಮನೆಯಲ್ಲಿಯೇ ಕುಳಿತು ಒಂದು ನಿಬಂಧನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅದು ಹೇಗೆ ಹುಟ್ಟಿತೆಂದು ಹುಡುಕಿ, ನಾಲ್ಕು ಪುಟ ಬರೆದು ನೋಡಲಿ. ಆ ನಾಲ್ಕು ಪುಟವನ್ನು ಬರೆದ ಮೇಲೂ ಇನ್ನಷ್ಟು ತಿಳಿಯಬೇಕೆಂಬ ಆಸೆ ಉಳಿದಿದ್ದರೆ ಅರ್ಜಿಯ ಪತ್ರ ಅರ್ಧ ಸಿದ್ಧವಾದಂತೆಯೇ. ಉಳಿಯದಿದ್ದರೆ ಅದು ಆಗಲೇ ತಿಳಿದದ್ದು ಒಳ್ಳೆಯದಾಯಿತು. ಸಾಲ ಮಾಡುವುದು ತಪ್ಪಿತು. ಅಂಕಪಟ್ಟಿಗಳನ್ನು ಹೊಂದಿಸುವ ಮೊದಲು ಮನೆಯವರೆಲ್ಲ ಕೂಡಿ ಕುಳಿತು ಈ ಪರೀಕ್ಷೆಯೊಂದನ್ನು ಮಾಡಿ ನೋಡುವುದು ಉತ್ತಮ.